ಮೈಕ್ ತಿರುಗಿಸಿ ನೋಡುತ್ತಿದ್ದ ಫೆಲಿಕ್ಸ್ ಅಂಕಲ್

ಫೆಲಿಕ್ಸ್ ಅಂಕಲ್ ಹಾಡುವ ಮೊದಲು ಮೈಕನ್ನು ಕರವಸ್ತ್ರದಿಂದ ಒರೆಸಿ, ಅದು ತಮ್ಮ ಬಾಯಿಯ ಕಡೆಗೇ ಇದೆಯೇ ಎಂದು ಎರಡೆರಡು ಸಲ ನೋಡುತ್ತಿದ್ದರು. ಕೈಯಲ್ಲಿ ಹಿಡಿದ ಮೈಕ್ ಬೇರೆಲ್ಲಿಗೆ ತಿರುಗೀತು? ನಾವು ನಗುತ್ತಿದ್ದೆವು. ಆಮೇಲೆ ಅವರು ಶ್ರುತಿಯ ಆಸುಪಾಸಿನಲ್ಲಿ ಎಲ್ಲೋ ಹಾಡು ಶುರುಮಾಡುತ್ತಿದ್ದರು.

ದೋಹಾದ ನಜ್ಮಾ ಬಡಾವಣೆಯಲ್ಲಿ ಒಂದೇ ವಿಲ್ಲಾದ ಬೇರೆ ಬೇರೆ ಕೋಣೆಗಳಲ್ಲಿ ಇದ್ದವರು ನಾವು: ಉಡುಪಿಯ ನಾನು, ಕಾರ್ಕಳ ಕಡೆಯ ಅಂಕಲ್, ಮನಿಲಾದ ನೆಸ್ಟರ್. ಅಂಕಲ್ ಒಂದು ಕಂಪನಿಯಲ್ಲಿ ಅಕೌಂಟೆಂಟ್. ಶುಕ್ರವಾರ ಸಂಜೆ ನೆಸ್ಟರನ ಕರೋಕೆ ಮೆಷಿನ್ ಹಾಲಿಗೆ ಬರುತ್ತಿತ್ತು, ಅದರ ಹಿಂದೆಯೇ ಜಗಳವೂ.

ಕರೋಕೆ ಕಂಡುಹಿಡಿದವರು ಯಾರು? ಜಪಾನಿನವನೊಬ್ಬ ಮೊದಲು ಮೆಷಿನ್ ಮಾಡಿದ, ಪೇಟೆಂಟ್ ಮಾಡಿಸಲಿಲ್ಲ. ಪೇಟೆಂಟ್ ಸಿಕ್ಕಿದ್ದು ಫಿಲಿಪ್ಪೀನ್ಸಿನವನಿಗೆ. ಆದ್ದರಿಂದ ಅದು ತನ್ನ ದೇಶದ್ದು ಎಂದು ನೆಸ್ಟರ್. ಇಬ್ಬರಿಗೂ ಮೊದಲು ತಾನು ಎಂದು ಅಂಕಲ್. ತನ್ನ ಅಕ್ಕನ ರೋಸಿನಲ್ಲಿ, ಅಂದರೆ ಮದುವೆಯ ಹಿಂದಿನ ದಿನ ತೆಂಗಿನಹಾಲು ಹಚ್ಚುವ ಶಾಸ್ತ್ರದಲ್ಲಿ, ಬರೀ ಬ್ಯಾಂಡಿನ ಸಂಗೀತವಿರುವ ಟೇಪು ಮಾಡಿದ್ದೆ, ಆಮೇಲೆ ಊರಿನ ರೋಸುಗಳಲ್ಲೆಲ್ಲ ಹೆಂಗಸರು ಅದನ್ನು ಹಾಕಿಕೊಂಡೇ ಹಾಡಿದರು ಎಂಬುದು ಅವರ ವಾದ. ಲೆಕ್ಕ ಹಾಕಿದರೆ, ಜಪಾನಿನವನ ಕಾಲಕ್ಕೆ ಅಂಕಲ್ ಇನ್ನೂ ಚಡ್ಡಿಯಲ್ಲಿದ್ದರು. ದಿನವಿಡೀ ಲೆಕ್ಕ ಬರೆಯುವವರು ಇದೊಂದು ಲೆಕ್ಕದ ಗೊಡವೆಗೆ ಹೋಗುತ್ತಿರಲಿಲ್ಲ.

“ನಿಮ್ಮ ಪೇಟೆಂಟ್ ಎಲ್ಲಿ ಸರ್?” ಎಂದು ನೆಸ್ಟರ್ ಕೆಣಕಿದರೆ, ನನ್ನ ಕಡೆ ತಿರುಗುತ್ತಿದ್ದರು. “ರೋಸಿಗೆ ಯಾರಾದ್ರೂ ಪೇಟೆಂಟ್ ಮಾಡಿಸ್ತಾರಾ ಮಾರಾಯ? ನೀನಾದ್ರೂ ಹೇಳು ಇವನಿಗೆ.”

ಮೆಷಿನ್ ಹಾಡಿದವರಿಗೆಲ್ಲ ಅಂಕ ಕೊಡುತ್ತಿತ್ತು. ಯಾವಾಗಲೂ ನೆಸ್ಟರನಿಗೇ ಹೆಚ್ಚು. “ಮೆಷಿನ್ ಅವನ ಊರಿನದ್ದಲ್ವಾ, ಮತ್ತೆಂತ” ಎನ್ನುತ್ತಿದ್ದರು ಅಂಕಲ್. ಮೆಷಿನ್ ಚೀನಾದ್ದು.

ನೆಸ್ಟರ್ ಒಮ್ಮೆ ಒಪ್ಪಬೇಕು, ಅದೊಂದೇ ಅವರ ಆಸೆ. ನಿವೃತ್ತಿಯಾಗಿ ಊರಿಗೆ ಹೊರಡುವ ದಿನ ಹತ್ತಿರವಾದಂತೆ ಹಟ ಜೋರಾಯಿತು. ಕೊನೆಯ ಶುಕ್ರವಾರ ಊರಿನಿಂದ ಆ ಟೇಪನ್ನು ಮೊಬೈಲಿಗೆ ತರಿಸಿಕೊಂಡು, ಗೆದ್ದೇಬಿಟ್ಟವರ ಗತ್ತಿನಲ್ಲಿ ಕೇಳಿಸಿದರು. ಗರಗರ ಸದ್ದಿನ ನಡುವೆ ಕ್ಲಾರಿನೆಟ್, ಡ್ರಮ್ಮು. ಹಾಡುವವರ ದನಿ ಎಲ್ಲಿಯೂ ಇಲ್ಲ.

ನೆಸ್ಟರ್ ಈ ಸಲ ಕೆಣಕಲಿಲ್ಲ. ನಿಜವಾದ ಕುತೂಹಲದಿಂದಲೇ ಕೇಳಿದ: “ದನಿಯನ್ನು ಹೇಗೆ ತೆಗೆದಿರಿ ಸರ್?”

ಅಂಕಲ್ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ನನಗೆ ಹೇಳಿದರು. “ತೆಗೀಲಿಲ್ಲ ಮಾರಾಯ. ಅಮ್ಮ ಹಾಡ್ತಿದ್ರು. ಅವರ ಸ್ವರ ಹಿಡೀಲಿಕ್ಕೇ ಟೇಪ್ ಇಟ್ಟದ್ದು. ಮೈಕ್ ಬ್ಯಾಂಡಿನ ಕಡೆ ತಿರುಗಿತ್ತು, ನಾನು ನೋಡ್ಲಿಲ್ಲ. ಅದೇ ವರ್ಷ ಮಳೆಗಾಲದಲ್ಲಿ ಅಮ್ಮ ಹೋದ್ರು.”

ನಾನು ಅದನ್ನು ಇಂಗ್ಲಿಷಿನಲ್ಲಿ ನೆಸ್ಟರನಿಗೆ ತಿಳಿಸಿದೆ. ಅವನು ಎದ್ದು ನಿಂತು, “ನೀವೇ ಮೊದಲು ಸರ್” ಎಂದ.

“ಈಗ ಒಪ್ಪಿದ ನೋಡು” ಎಂದು ಅಂಕಲ್ ಕರವಸ್ತ್ರ ತೆಗೆದರು. ಆ ದಿನ ಒರೆಸಿದ್ದು ಮೈಕನ್ನಲ್ಲ. “ಬೇಡ ಹೇಳು. ಪೇಟೆಂಟ್ ಅವನೇ ಇಟ್ಕೊಳ್ಳಲಿ. ಖಲಾಸ್.”

ಅಂಕಲ್ ಊರಿಗೆ ಹೋದರು. ಈಗಲೂ ಶುಕ್ರವಾರ ಮೊದಲಿಗೆ ನೆಸ್ಟರ್, ಅಂಕಲ್ ಹಾಡುತ್ತಿದ್ದ ಹಾಡನ್ನೇ ಹಾಕುತ್ತಾನೆ. ಮೈಕನ್ನು ಅವರ ಖಾಲಿ ಕುರ್ಚಿಯ ಕಡೆ ತಿರುಗಿಸಿ, ಸರಿಯಾಗಿ ತಿರುಗಿದೆಯೇ ಎಂದು ಇನ್ನೊಮ್ಮೆ ನೋಡುತ್ತಾನೆ. ಬರೀ ಸಂಗೀತ ಕೊನೆಯವರೆಗೂ ಸಾಗುತ್ತದೆ. ಮೆಷಿನ್ ಸೊನ್ನೆ ಕೊಡುತ್ತದೆ. ನಾವಿಬ್ಬರೂ ಚಪ್ಪಾಳೆ ತಟ್ಟುತ್ತೇವೆ.