ಬೇರೆಯವರ ಬೆನ್ನು ನೋಡಬಾರದ ಕೋಣ

ಮುಟ್ಟಳ್ಳಿಯಲ್ಲಿ ಲಿಂಗಪ್ಪ ನಾಯ್ಕರ ಮನೆ ಯಾವುದು ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಮನೆಗಿಂತ ಕೊಟ್ಟಿಗೆ ಚೆಂದ ಇರುವುದು ಅದೊಂದೇ. ಮನೆಯ ಹೆಂಚು ಅಪ್ಪನ ಕಾಲದ್ದು, ಕೊಟ್ಟಿಗೆಯದ್ದು ಹೊಸದು. ಮನೆಯೊಳಗೆ ಫ್ಯಾನಿಲ್ಲ, ಕೊಟ್ಟಿಗೆಯಲ್ಲಿದೆ. ಅವರ ಹೆಂಡತಿ ಗಂಗಕ್ಕ ಮಧ್ಯಾಹ್ನ ಮಲ್ಲಿಗೆ ಕಟ್ಟಲು ಕೂರುವುದು ಕೊಟ್ಟಿಗೆಯ ಬಾಗಿಲಲ್ಲಿ. ಕೋಣಗಳ ಮೇಲಿನ ಪ್ರೀತಿಗಲ್ಲ, ಗಾಳಿಗೆ.

ನಾಯ್ಕರು ಶಿರಾಲಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಸಣ್ಣ ಆಳು, ದೊಡ್ಡ ಮೀಸೆ, ಬೇಸಿಗೆಯಲ್ಲೂ ಬಗಲಲ್ಲಿ ಕೊಡೆ. ಆದರೆ ಅವರ ನಿಜವಾದ ಕೆಲಸ ಕಂಬಳ. ಕೆಸರು ಗದ್ದೆಯಲ್ಲಿ ಜೋಡಿ ಕೋಣ ಕಟ್ಟಿ ಓಡಿಸುವುದು ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದು ಬಂದಿದೆ. ಮೂರು ತಲೆಮಾರಿನಲ್ಲಿ ಒಮ್ಮೆಯೂ ದೊಡ್ಡಗದ್ದೆ ಕಂಬಳದ ಮೊದಲ ಬಹುಮಾನದ ಬಾಳೆಗೊನೆ ಆ ಮನೆಯ ಹೊಸ್ತಿಲು ದಾಟಿಲ್ಲ. ಅಜ್ಜನ ಕೋಣ ಗದ್ದೆಯ ನಡುವೆ ಮಲಗಿತು. ಅಪ್ಪನ ಕೋಣ ಓಡಿತು, ಆದರೆ ಹಿಂದಕ್ಕೆ. ಇಂಥ ಚರಿತ್ರೆಯ ಕೊಟ್ಟಿಗೆಯಲ್ಲಿ ಚಂದು ಹುಟ್ಟಿದ.

ಚಂದುವನ್ನು ನೋಡಬೇಕಿತ್ತು ನೀವು! ಎಣ್ಣೆ ಹಚ್ಚಿದರೆ ಮುಖ ಕಾಣುವಂಥ ಕಪ್ಪು, ಎದೆ ಅಂದರೆ ಭತ್ತ ತುಂಬುವ ಪತ್ತಾಯ. ಮೂರು ವರ್ಷಕ್ಕೇ ಮುದಿ ಕೋಣ ಕಾಳನ ಜೊತೆ ನೊಗಕ್ಕೆ ಕಟ್ಟಿದರೆ ಕಾಳನನ್ನೂ ಎಳೆದುಕೊಂಡು ಹೋಗುತ್ತಿದ್ದ. ಕಾಳನಿಗೆ ಈ ಪ್ರಪಂಚದಲ್ಲಿ ಯಾವುದರ ಬಗ್ಗೆಯೂ ಅಭಿಪ್ರಾಯ ಇರಲಿಲ್ಲ. ಚಂದು ಓಡಿದರೆ ಓಡುತ್ತಿದ್ದ, ನಿಂತರೆ ನಿಲ್ಲುತ್ತಿದ್ದ. ಭಟ್ಕಳದಿಂದ ಬೈಂದೂರಿನ ತನಕ ಕೋಣ ಸಾಕುವವರೆಲ್ಲ ಬಂದು ಚಂದುವಿನ ಕಾಲು ಮುಟ್ಟಿ ನೋಡಿ, "ಇದು ಓಡ್ತದೆ ಮಾರಾಯಾ" ಎಂದು ಹೇಳಿ, ಚಾ ಕುಡಿದು ಹೋಗುತ್ತಿದ್ದರು.

ಚಾ ಮಾಡಿ ಮಾಡಿ ಗಂಗಕ್ಕನಿಗೆ ಸಾಕಾಯಿತು. ಎರಡು ಸಾವಿರದ ಮೂರನೇ ಇಸವಿ ಅದು. ಊರಲ್ಲಿ ಗದ್ದೆ ಹೂಡಲು ಟಿಲ್ಲರ್ ಬರುತ್ತಿತ್ತು. ಮನೆಯಲ್ಲಿ ಎರಡು ಕೋಣ ಫ್ಯಾನಿನ ಗಾಳಿಗೆ ಮಲಗಿರುವಾಗ ಬಾಡಿಗೆಗೆ ಟಿಲ್ಲರ್ ಕರೆಸುವುದು ಅವಳಿಗೆ ಸೇರುತ್ತಿರಲಿಲ್ಲ.

"ಹ್ವಾಯ್, ಒಂದು ಮಾತ್ ಹೇಳ್ತೆ ಕೇಳಿ" ಅಂದಳು ಒಂದು ದಿನ, ಹೂವಿನಿಂದ ತಲೆ ಎತ್ತದೆ. "ಈ ಸಲ ದೊಡ್ಡಗದ್ದೇಲಿ ನಿಮ್ ಚಂದು ಗೊನೆ ತಂದ್ರೆ ಆತು, ಜೀವ ಇರೂ ತನಕ ಓಡ್ಸಿ. ನಾನೇ ಎಣ್ಣೆ ಹಚ್ತೆ. ತರ್ಲಿಲ್ಲ, ಮಳೆಗಾಲಕ್ಕೆ ನೇಗ್ಲು ಕಟ್ಟೂದೇ."

ನಾಯ್ಕರ ಕೈಯಲ್ಲಿದ್ದ ಚಾ ಲೋಟ ಅಲ್ಲೇ ನಿಂತಿತು. ನೇಗಿಲಿಗೆ ಒಗ್ಗಿದ ಕೋಣದ ಕಾಲು ಭಾರವಾಗುತ್ತದೆ, ಮತ್ತೆ ಕಂಬಳಕ್ಕೆ ಬರುವುದಿಲ್ಲ ಎನ್ನುವುದು ಅವರ ನಂಬಿಕೆ.

"ಚಂದೂನ ನೇಗ್ಲಿಗಾ?"

"ಅಂವ ಎಂತ, ಮೇಷ್ಟ್ರಾ?"

ಆ ಹೊತ್ತಿನಿಂದ ನಾಯ್ಕರಿಗೆ ಒಂದೇ ಯೋಚನೆ. ದೊಡ್ಡಗದ್ದೆಗೆ ಮೊದಲು ಚಂದುವನ್ನು ಯಾವ ಯಾವ ಸಣ್ಣ ಕಂಬಳದಲ್ಲಿ ಓಡಿಸಬೇಕು? ಉಳಿದವರು ಯಾವ ಕಂಬಳ ಮೊದಲು ಬರುತ್ತದೋ ಅಲ್ಲಿಗೆ ಹೋಗುತ್ತಾರೆ. ನಾಯ್ಕರು ಹಾಗಲ್ಲ. ಬರಿಗಾಲಲ್ಲಿ ಗದ್ದೆಗೆ ಇಳಿದು, ಕೆಸರು ಕೈಗೆ ತೆಗೆದು, ಮೂಸಿ, ಬೆರಳ ನಡುವೆ ಉಜ್ಜಿ, "ಇದರಲ್ಲಿ ಮರಳು ಜಾಸ್ತಿ" ಅಂತ ಎದ್ದು ಬರುತ್ತಿದ್ದರು. ಇದಕ್ಕಿಂತ ದೊಡ್ಡದು ಅವರ ಇನ್ನೊಂದು ಸಿದ್ಧಾಂತ. ಅದನ್ನು ಅವರು ಗಣೇಶನಿಗೆ ಹೇಳಿದರು. ಗಣೇಶ ಶಿರಾಲಿಯ ಟೆಂಪೋ ಡ್ರೈವರ್, ಕೋಣ ಓಡಿಸುವವನೂ ಅವನೇ.

"ಗಣೇಶಾ, ಎಳೆ ಕೋಣ ಒಂದೇ ಒಂದ್ ಸಲ ಬೇರೆಯವರ ಬೆನ್ನು ನೋಡ್ತು ಅಂದ್ರೆ ಮುಗೀತು. ಅದಕ್ಕೆ ತನ್ನ ಜಾಗ ಹಿಂದೆ ಅಂತ ತಲೇಲಿ ಕೂತ್ಕಂತದೆ. ದೊಡ್ಡಗದ್ದೆ ತನಕ ಚಂದು ಯಾರ ಬೆನ್ನೂ ನೋಡೂಕಿಲ್ಲ."

"ಆತು ಲಿಂಗಪ್ಪಣ್ಣ. ಆದ್ರೆ ಎದುರಿನವ ಜೋರು ಓಡಿದ್ರೆ?"

"ಜೋರು ಓಡೂವಂತವ ಇರೂ ಕಡೆ ನಾವು ಹೋಪುದೇ ಇಲ್ಲ."

ಮೊದಲು ಶಿರಾಲಿಯ ಕಂಬಳ ಗೊತ್ತು ಮಾಡಿದರು. ಕೆಸರು ಬೆಣ್ಣೆಯಂತೆ. ಎದುರಾಳಿ ಕುಪ್ಪನ ಜೋಡಿ ಮಾತ್ರ, ಅದರಲ್ಲಿ ಒಂದಕ್ಕೆ ಕಾಲು ನೋವು. ಆದರೂ ಖಾತ್ರಿ ಮಾಡಿಕೊಳ್ಳಲು ನಾಯ್ಕರು ಗಿರಣಿ ಮುಗಿಸಿ ಕುಪ್ಪನ ಮನೆಗೆ ಹೋದರು.

"ನಿನ್ ಕೋಣದ ಕಾಲು ಹೇಗುಂಟಾ ಕುಪ್ಪಾ?"

ಕುಪ್ಪನಿಗೆ ಕಣ್ಣು ತುಂಬಿ ಬಂತು. "ನೀ ಒಬ್ಬನೇ ಕೇಳ್ದೆ ನೋಡಾ ಲಿಂಗಪ್ಪ. ನಮ್ ಅಣ್ಣನೂ ಕೇಳ್ಲಿಲ್ಲ. ದೇವರ ದಯೆ, ಪೂರಾ ಗುಣ ಆಯ್ತು. ನಿನ್ನೆ ಗದ್ದೇಲಿ ಹಾರಿದ್ದೇ ಹಾರಿದ್ದು."

ನಾಯ್ಕರ ಮುಖ ಬಾಡಿತು. "ಗುಣ ಆಯ್ತಾ? ಪೂರಾ?"

"ಪೂರಾ!"

"ಸ್ವಲ್ಪ ವಿಶ್ರಾಂತಿ ಕೊಡ್ಬಹುದಿತ್ತಲ್ಲ" ಎಂದು ಹೇಳಿ, ಕುಪ್ಪ ಕೊಟ್ಟ ಎಳನೀರು ಕುಡಿದು, ಶಿರಾಲಿಯನ್ನು ಕೈಬಿಟ್ಟು ಬಂದರು. ನಾಯ್ಕರಷ್ಟು ಒಳ್ಳೆಯ ಮನುಷ್ಯ ಇಲ್ಲ ಎಂದು ಕುಪ್ಪ ಇವತ್ತಿಗೂ ಎಲ್ಲರ ಹತ್ತಿರ ಹೇಳುತ್ತಾನೆ.

ಆಮೇಲೆ ಹೊನ್ನಾವರದ ಕಡೆ ಒಂದು ಕಂಬಳ. ಅಲ್ಲಿಗೆ ಬೇಕಂತಲೇ ತಡವಾಗಿ ಹೊರಟರು. ಮುಟ್ಟುವಾಗ ಎಲ್ಲರ ಕೋಣ ಓಡಿ ಮುಗಿದು, ಜನ ಮನೆಗೆ ಹೋಗಿ, ಪೆಂಡಾಲಿನವರು ಬಟ್ಟೆ ಬಿಚ್ಚುತ್ತಿದ್ದರು. ಚಂದು ಒಬ್ಬನೇ ಓಡಿದ, ಗೆದ್ದ. ಪೆಂಡಾಲಿನವನೊಬ್ಬ ಚಪ್ಪಾಳೆ ತಟ್ಟಿದ. "ನೋಡ್ದ್ಯಾ, ಯಾರೂ ಹತ್ರ ಬರೂಕೆ ಆಗ್ಲಿಲ್ಲ" ಅಂದರು ನಾಯ್ಕರು. ಇದನ್ನು ಅವರು ತಮಾಷೆಗೆ ಹೇಳಿದ್ದಲ್ಲ.

ಒಂದೇ ಕಂಬಳ ಸಾಕಾಗುವುದಿಲ್ಲವಲ್ಲ. ಎದುರಾಳಿಯೇ ಇಲ್ಲದ ಇನ್ನೊಂದು ಗದ್ದೆ ಬೇಕು. ಕುಮಟೆಯ ಹೊಳನಗದ್ದೆಯಲ್ಲಿ ಗಂಗಕ್ಕನ ತಮ್ಮ ಮಹಾಬಲ ಇದ್ದ. ಅವನು ಎಸ್‌ಟಿಡಿ ಬೂತಿನಿಂದ ಗಿರಣಿಗೆ ಫೋನ್ ಮಾಡಿದ.

"ಭಾವ, ಇಲ್ಲಿ ದೊಡ್ಡಮನೆ ಗದ್ದೇಲಿ ವರ್ಷಕ್ಕೊಂದ್ ಸಲ ಓಟ ಉಂಟು. ದೇವರ ಹೆಸರಲ್ಲಿ, ಪದ್ಧತಿಗೆ. ಈಗ ಊರಲ್ಲಿ ಯಾರ ಹತ್ರನೂ ಕೋಣ ಇಲ್ಲ."

"ಒಂದೂ ಇಲ್ಯಾ?"

"ಒಂದೂ ಇಲ್ಲ."

"ಅದೇ ಬೇಕಾದ್ದು!"

ಮುಟ್ಟಳ್ಳಿಯಿಂದ ಹೊಳನಗದ್ದೆಗೆ ಗಣೇಶನ ಟೆಂಪೋ ಹೊರಟಿತು. ಹೈವೇಗೆ ಬಂದದ್ದೇ ನಾಯ್ಕರಿಗೆ ಹೊಸ ಚಿಂತೆ ಶುರುವಾಯಿತು. ಮುಂದೆ ಒಂದು ಮೀನು ಲಾರಿ ಹೋಗುತ್ತಿತ್ತು.

"ಗಣೇಶಾ, ಅದನ್ನ ದಾಟು."

"ಎಂತಕ್ಕೆ?"

"ಚಂದು ನೋಡ್ತಾ ಇದ್ದ. ಲಾರಿ ಬೆನ್ನೂ ಬೆನ್ನೇ ಅಲ್ದಾ?"

ಗಣೇಶ ದಾಟಿದ. ಮುಂದೆ ಬಸ್ಸು. ಅದನ್ನೂ ದಾಟಿದ. ಅದರ ಮುಂದೆ ಮದುವೆ ದಿಬ್ಬಣದ ವ್ಯಾನು, ಅದರ ಮುಂದೆ ಸಿಮೆಂಟ್ ಲಾರಿ. ಶರಾವತಿ ಸೇತುವೆಯ ಮೇಲಂತೂ ದಾಟುವ ಹಾಗೇ ಇಲ್ಲ. "ಲಿಂಗಪ್ಪಣ್ಣಾ, ಈ ರಸ್ತೆ ಬೊಂಬಾಯಿ ತನಕ ಉಂಟು. ಬೊಂಬಾಯಿ ತನಕ ಯಾರಾದ್ರೂ ಮುಂದೆ ಇದ್ದೇ ಇರ್ತಾರೆ!" ಎಂದು ಗಣೇಶ ಕೂಗಿದ. ಕೊನೆಗೆ ನಾಯ್ಕರು ಇಳಿದು, ಟೆಂಪೋದ ಹಿಂದೆ ಹತ್ತಿ, ಕೋಣಗಳ ಮುಂದೆ ತಮ್ಮ ಕೊಡೆ ಬಿಡಿಸಿ ಹಿಡಿದು, ಕುಮಟೆಯ ತನಕ ಅಲ್ಲೇ ನಿಂತು ಹೋದರು. ಕೊಡೆ ಗಾಳಿಗೆ ಎರಡು ಸಲ ಮಗುಚಿತು. ಕಾಳ ಅದರ ಅಂಚನ್ನು ಸ್ವಲ್ಪ ತಿಂದ.

ಹೊಳನಗದ್ದೆಯಲ್ಲಿ ಕೆಸರು ಚೆನ್ನಾಗಿತ್ತು. ಮೂಸಿ ನೋಡಿ ನಾಯ್ಕರು ತಲೆಯಾಡಿಸಿದರು. ಚಂದುವಿಗೆ ನೊಗ ಕಟ್ಟುವಷ್ಟರಲ್ಲಿ ದೊಡ್ಡಮನೆಯ ಯಜಮಾನರು ಬಂದರು.

"ಸ್ವಲ್ಪ ತಡೀರಿ. ನಮ್ ಮನೆ ಕೋಣ ಮೊದ್ಲು ಇಳೀಬೇಕು. ಅದು ಅರ್ಧ ಗದ್ದೆ ದಾಟಿದ ಮೇಲೆ ಉಳ್ದವ್ರು. ಅದನ್ನ ಯಾರೂ ಹಿಂದೆ ಹಾಕೂಕಿಲ್ಲ. ಅಜ್ಜನ ಕಾಲದಿಂದ ಬಂದ ಪದ್ಧತಿ."

ನಾಯ್ಕರು ಮಹಾಬಲನ ಕಡೆ ನೋಡಿದರು. "ಕೋಣ ಇಲ್ಲ ಅಂದ್ಯಲ್ಲೋ!"

"ಇಲ್ಲ ಭಾವ, ಮಾರಿದ್ದಾರೆ" ಅಂದ ಮಹಾಬಲ.

"ಕೋಣ ಮಾರಿದ್ದು ಹೌದು" ಅಂದರು ಯಜಮಾನರು. "ಪದ್ಧತಿ ಮಾರುಕೆ ಬರ್ತದಾ?"

ಅಷ್ಟರಲ್ಲಿ ಮನೆಯ ಹಿಂದಿನಿಂದ ಟಿಲ್ಲರ್ ಬಂತು. ಅದಕ್ಕೆ ಚೆಂಡುಹೂವಿನ ಮಾಲೆ, ಮುಂದೆ ಕುಂಕುಮ, ಎರಡೂ ಹ್ಯಾಂಡಲಿಗೆ ಕೊಂಬಿನ ಹಾಗೆ ಬಾಳೆಕಂಬದ ತುಂಡು. ಮನೆಯ ಹೆಂಗಸರು ಅದಕ್ಕೆ ಆರತಿ ಮಾಡಿದರು. ಒಬ್ಬಳು ಕೋಣ ಕುಡಿಯುವ ಅಕ್ಕಚ್ಚಿನ ಬಾನಿಯನ್ನೂ ತಂದು ಅದರ ಮುಂದೆ ಇಟ್ಟು, ಸ್ವಲ್ಪ ಹೊತ್ತು ಕಾದು, ತೆಗೆದುಕೊಂಡು ಹೋದಳು. ಯಾರೂ ನಗಲಿಲ್ಲ.

ನಾಯ್ಕರು ಚಂದುವಿನ ಕಣ್ಣು ಮುಚ್ಚಲು ಓಡಿದರು, ತಡವಾಗಿತ್ತು. ಟಿಲ್ಲರ್ ಗದ್ದೆಗೆ ಇಳಿದು ಅರ್ಧ ದಾಟಿತು. ಚಂದು ಅದರ ಬೆನ್ನು ನೋಡಿದ. ಕಿವಿ ನಿಮಿರಿತು. ಆಮೇಲೆ ಹೋದ ನೋಡಿ! ಗಣೇಶನ ಕಾಲು ಕೆಸರಿಗೆ ತಾಗಿದ್ದನ್ನೇ ಯಾರೂ ಕಾಣಲಿಲ್ಲ. ಹಾಗೆ ಹಾರಿ ಹೋದವನು ಟಿಲ್ಲರಿನ ಹಿಂದೆ ಮುಟ್ಟಿದ ಕೂಡಲೇ ವೇಗ ಇಳಿಸಿ, ಅದರ ಬೆನ್ನಿಗೆ ಮೂಗು ತಾಗಿಸಿಕೊಂಡು, ಹೊಗೆ ಕುಡಿಯುತ್ತ ನಿಧಾನವಾಗಿ ಕೊನೆಯ ತನಕ ನಡೆದ. ಮೈಕಿನಲ್ಲಿ ಕೇಳಿತು: "ಪ್ರಥಮ, ಮನೆ ಕೋಣ! ದ್ವಿತೀಯ, ಮುಟ್ಟಳ್ಳಿ ಲಿಂಗಪ್ಪ ನಾಯ್ಕರ ಜೋಡಿ!" ಟಿಲ್ಲರಿಗೆ ಬಾಳೆಗೊನೆ ಕಟ್ಟಿದರು.

ವಾಪಸು ಬರುವಾಗ ಗಣೇಶ ಹೇಳಿದ. "ಲಿಂಗಪ್ಪಣ್ಣ, ಒಂದ್ ಮಾತು. ಅಂವ ಇಷ್ಟ್ ಜೋರು ಯಾವತ್ತೂ ಓಡ್ಲಿಲ್ಲ. ಅವನಿಗೆ ಮುಂದೆ ಒಂದ್ ಬೆನ್ನು ಬೇಕಾ ಅಂತ."

"ಬಾಯ್ ಮುಚ್ಚು" ಅಂದರು ನಾಯ್ಕರು. "ಅದು ಬೆನ್ನೇ ಅಲ್ಲ. ಯಂತ್ರ."

ದೊಡ್ಡಗದ್ದೆಯ ದಿನ ಬಂತು. ಬದುವಿನ ಮೇಲೆ ಕಾಲಿಡಲು ಜಾಗ ಇಲ್ಲ. ನಾವು ಮುಟ್ಟಳ್ಳಿಯವರೆಲ್ಲ ಒಂದು ಕಡೆ ನಿಂತು ಚಂದು, ಚಂದು ಎಂದು ಕೂಗಿ ಗಂಟಲು ಹರಿದುಕೊಂಡಿದ್ದೆವು. ಬರುವುದಿಲ್ಲ ಎಂದ ಗಂಗಕ್ಕ ಹೆಂಗಸರ ನಡುವೆ ಸೆರಗು ಮುಂದೆ ಎಳೆದುಕೊಂಡು ನಿಂತಿದ್ದಳು. ಎದುರಾಳಿ ವೆಂಕಟ್ರಮಣನ ಜೋಡಿ. ಗೆದ್ದರೆ ಗೊನೆ, ಸೋತರೆ ನೇಗಿಲು. ನಾಯ್ಕರು ಚಂದುವಿನ ಕಿವಿಯಲ್ಲಿ ಏನೋ ಹೇಳಿದರು. ಕಾಳನ ಕಿವಿಯಲ್ಲೂ ಹೇಳಿದರು, ಮರ್ಯಾದೆಗೆ.

ಎರಡೂ ಜೋಡಿ ಹೊರಟವು. ಅರೆ ಗದ್ದೆಗೆ ಚಂದು ಎರಡು ಕೋಣದುದ್ದ ಮುಂದೆ! ನಾಯ್ಕರು ಕೊಡೆ ಎಸೆದು ಕುಣಿಯತೊಡಗಿದರು. ಆಗ ಚಂದು ಮುಂದೆ ನೋಡಿದ. ಯಾರೂ ಇಲ್ಲ. ನಿಂತ. ಕಾಳನೂ ನಿಂತ. ಗಣೇಶ ನಿಲ್ಲಲಿಲ್ಲ. ಕೋಣಗಳ ನಡುವೆ ತೂರಿ ಹೋಗಿ ಕೆಸರಲ್ಲಿ ಮುಖ ಅಡಿಯಾಗಿ ಬಿದ್ದ. ಚಂದು ಕತ್ತು ತಿರುಗಿಸಿ, ಹಿಂದಿನಿಂದ ಬರುತ್ತಿದ್ದ ವೆಂಕಟ್ರಮಣನ ಜೋಡಿಯನ್ನು, ನೆಂಟರಿಗೆ ಕಾಯುವವರ ಹಾಗೆ ಕಾದ.

"ಓಡಾ! ಓಡಾ ಮಗನೇ!" ಎಂದು ಕಿರುಚಿದ್ದು ಯಾರು ಅಂದುಕೊಂಡಿರಿ? ಗಂಗಕ್ಕ. ಸೆರಗು ಎಲ್ಲೋ, ಅವಳು ಎಲ್ಲೋ.

ವೆಂಕಟ್ರಮಣನ ಜೋಡಿ ದಾಟಿತು. ಬೆನ್ನು ಕಂಡದ್ದೇ ಚಂದು ಗಣೇಶನನ್ನು ಅಲ್ಲೇ ಬಿಟ್ಟು ಬಾಣದಂತೆ ಹೋಗಿ ಅವರ ಹಿಂದೆ ಸೇರಿಕೊಂಡ. ಅಷ್ಟಕ್ಕೆ ಅವನಿಗೆ ತೃಪ್ತಿ. ಗದ್ದೆ ಮುಗಿದರೂ ಬಿಡಲಿಲ್ಲ. ಬದು ಹತ್ತಿ, ತೆಂಗಿನ ತೋಟ ದಾಟಿ ಅವರ ಹಿಂದೆಯೇ ಹೋದ. ನಾಯ್ಕರು ಮುಟ್ಟುವಾಗ ಅವನ ಮುಂದಿನ ಕಾಲು ವೆಂಕಟ್ರಮಣನ ಟೆಂಪೋದ ಮೇಲಿತ್ತು.

"ಇದನ್ನೂ ಕರ್ಕಂಡ್ ಹೋಗ್ಲ್ಯಾ ನಾಯ್ಕ್ರೇ?" ಅಂದ ವೆಂಕಟ್ರಮಣ. "ಬಾಳೆಗೊನೆ ಇಡೂಕೆ ಜಾಗ ಆಗೂದಿಲ್ಲ, ಅಷ್ಟೇ."

ಮನೆಗೆ ಬಂದು ನಾಯ್ಕರು ಕೊಟ್ಟಿಗೆಯಲ್ಲೇ ಕೂತರು, ಊಟಕ್ಕೆ ಏಳಲಿಲ್ಲ. ಗಂಗಕ್ಕ ಬಟ್ಟಲು ಅಲ್ಲಿಗೇ ತಂದಿಟ್ಟಳು. ಬಯ್ಯಲಿಲ್ಲ. "ಮಾತು ಮಾತೇ" ಅಂದಳು. "ನೇಗ್ಲು ತೊಳ್ದಿಟ್ಟಿದೆ." ನಾಯ್ಕರು ಹೂಂ ಅಂದರು.

ಜೂನಿನಲ್ಲಿ ಮಳೆ ಹಿಡಿಯಿತು. ಚಂದುವನ್ನೂ ಕಾಳನನ್ನೂ ನೇಗಿಲಿಗೆ ಕಟ್ಟಿ ನಾಯ್ಕರು ಮೇಳಿ ಹಿಡಿದರು. ಚಂದು ಕದಲಲಿಲ್ಲ. ಬಾಲ ತಿರುಚಿದರು, ಬೇಡಿಕೊಂಡರು, ಅಜ್ಜನ ಆಣೆ ಹಾಕಿದರು. ಗದ್ದೆಯ ಆಚೆ ದಡಕ್ಕೆ ಹೋಗಬೇಕಾಗಿದ್ದ ಗಂಗಕ್ಕ ಸಸಿಯ ಕಟ್ಟು ತಲೆಯ ಮೇಲಿಟ್ಟುಕೊಂಡು ಅವರ ಮುಂದಿನಿಂದ ಹಾದು ಹೋದಳು.

ಚಂದುವಿನ ಕಿವಿ ನಿಮಿರಿತು.

"ಗಂಗೀ, ನಿಲ್ಬೇಡ! ಹೋಗ್ತಾ ಇರು!" ಎಂದು ನಾಯ್ಕರು ಕೂಗಿದರು.

"ಎಂತ ಆಯ್ತು?" ಅಂತ ತಿರುಗುವಷ್ಟರಲ್ಲಿ ಅವಳ ಬೆನ್ನಿಗೆ ಬಿಸಿಯುಸಿರು ತಾಗಿತು. ಗಂಗಕ್ಕ ಓಡಿದಳು. ಹಿಂದೆ ಚಂದು, ಕಾಳ, ನೇಗಿಲು, ನಾಯ್ಕರು. ಆ ತುದಿಯಲ್ಲಿ ಅವಳು ತಿರುಗಿದರೆ ಇವರೂ ತಿರುಗಿದರು. ಪಕ್ಕದ ಗದ್ದೆಯವರು ಕೆಲಸ ಬಿಟ್ಟು ಬದುವಿಗೆ ಬಂದು ಕೇಕೆ ಹಾಕತೊಡಗಿದರು. ಗೆರೆ ಹಾವಿನ ಹಾಗೆ ಬಿತ್ತು, ಆದರೆ ಗದ್ದೆ ಪೂರಾ ಹೂಡಿ ಮುಗಿಯಿತು.

ಗಂಗಕ್ಕ ಬದು ಹತ್ತಿ ಕುಸಿದು ಕೂತಳು. ಸಸಿಯ ಕಟ್ಟು ಇನ್ನೂ ತಲೆಯ ಮೇಲೇ ಇತ್ತು.

"ಹ್ವಾಯ್... ನಾ ನೇಗ್ಲು ಕಟ್ಟಿ ಅಂದದ್ದು ಕೋಣಕ್ಕೆ... ನಂಗಲ್ಲ" ಎಂದು ಏದುಸಿರು ಬಿಟ್ಟಳು. "ನಾಳೆ ನೀವು ಮುಂದೆ ಓಡಿ. ನೇಗ್ಲು ನಾ ಹಿಡೀತೆ."

ನಾಯ್ಕರಿಗೆ ಅದು ಕೇಳಿಸಿತೋ ಇಲ್ಲವೋ. ಅವರು ಆಗಲೇ ಕೆಳಗಿನ ಗದ್ದೆಗೆ ಇಳಿದು, ಬಗ್ಗಿ ಕೆಸರು ಎತ್ತಿ ಮೂಸುತ್ತಿದ್ದರು.

"ನಾಳೆ ಇದು ಬೇಡ ಗಂಗೀ" ಅಂದರು. "ಇಲ್ಲಿ ಮರಳು ಜಾಸ್ತಿ, ನಿನ್ ಕಾಲು ಹಿಡೀತದೆ. ಮೊದ್ಲು ಆ ಮೂಲೆಗದ್ದೆ ಓಡುವ. ಇದಕ್ಕೆ ಇನ್ನೂ ಸ್ವಲ್ಪ ತಯಾರಿ ಬೇಕು ನಿಂಗೆ."