ಅತ್ತಿಗೆ ಉಬ್ಬಿಹೋದ ಒಂದು ಗಂಟೆ

ನಮ್ಮ ಅತ್ತಿಗೆಗೆ ಹೊಗಳಿಕೆ ಅಂದರೆ ಪ್ರಾಣ. ಆಸ್ಪತ್ರೆಗಳ ಬಟ್ಟೆ ಒಗೆದು ಕಳಿಸುವ ಲಾಂಡ್ರಿಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮೇಜುಗಳಲ್ಲಿ ನಿಂತು ಡಾಕ್ಟರುಗಳ ಬಿಳಿ ಕೋಟಿಗೆ ಇಸ್ತ್ರಿ ಹಾಕುತ್ತೇವೆ. ನಾನು ಕಾಲರು ಮುಗಿಸುವಷ್ಟರಲ್ಲಿ ಅವರು ಇಡೀ ಕೋಟು ಮುಗಿಸಿ, ಮಡಿಚಿಟ್ಟು, "ಏನೇ, ನಿದ್ದೆ ಬಂತಾ?" ಎಂದು ಛೇಡಿಸುತ್ತಾರೆ. ನನ್ನ ಬಲಗೈ ಮಣಿಕಟ್ಟು ಒಮ್ಮೆ ಮುರಿದು ಕೂಡಿಕೊಂಡದ್ದು. ಅದಕ್ಕೂ ಅವರಲ್ಲಿ ರಿಯಾಯಿತಿ ಇಲ್ಲ.

ಆ ವರ್ಷ ಸರ್ಕಾರ ಅಡುಗೆ ಗ್ಯಾಸಿನ ಸಬ್ಸಿಡಿ ನಿಲ್ಲಿಸಿತು. ಹಿಂದೆಯೇ ಬಸ್ ಚಾರ್ಜೂ ಏರಿತು. "ಇನ್ಮೇಲೆ ಒಂದ್ ಹೊತ್ತು ಒಲೆ ಹಚ್ಚೋಣ, ಇನ್ನೊಂದ್ ಹೊತ್ತು ಮಂತ್ರಿಗಳ ಭಾಷಣ ಕೇಳೋಣ, ಹೊಟ್ಟೆ ತುಂಬತ್ತೆ" ಎಂದ ಅಣ್ಣ. ಯಾರಿಗೂ ನಗು ಬರಲಿಲ್ಲ. ಕೆಲವು ತಿಂಗಳ ನಂತರ ಅದೇ ಸರ್ಕಾರ ಕನಿಷ್ಠ ದಿನಗೂಲಿ ಏರಿಸಿ ಆದೇಶ ಹೊರಡಿಸಿದಾಗ ಹೋದ ಜೀವ ಬಂದಂತಾಯಿತು. ಆ ಕೂಲಿ ಕೈಗೆ ಸಿಕ್ಕರೆ ನಮ್ಮ ಒಲೆ ಎರಡು ಹೊತ್ತೂ ಉರಿಯುತ್ತದೆ, ಸಿಗದಿದ್ದರೆ ಇಲ್ಲ.

ಮಾಲೀಕರಿಗೆ ಮಾತ್ರ ಆ ಆದೇಶ ಗಂಟಲಲ್ಲಿ ಸಿಕ್ಕಿಕೊಂಡಿತು. ಒಂದು ಬೆಳಿಗ್ಗೆ ಮೇಸ್ತ್ರಿಯ ಜೊತೆ ಬಂದು ಅತ್ತಿಗೆಯ ಮುಂದೆ ನಿಂತರು.

"ನಿಮ್ ಕೈ ಬಲು ಚುರುಕಂತಲ್ಲಮ್ಮ? ಒಂದ್ ಗಂಟೆ ನೋಡೋಣ."

ಅಷ್ಟು ಸಾಕಾಯಿತು. ಅತ್ತಿಗೆ ಉಬ್ಬಿಹೋದರು. ತಲೆ ಎತ್ತದೆ, ನೀರು ಕುಡಿಯದೆ, ಮೈಮೇಲೆ ಬಂದವರ ಹಾಗೆ ಇಸ್ತ್ರಿ ಓಡಿಸಿದರು. ಮಾಲೀಕರು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು, ಪೆದ್ದುಮುಂಡೇವು.

ಮಾರನೇ ದಿನ ಗೋಡೆಯ ಕರಿಹಲಗೆಯ ಮೇಲೆ ಹೊಸ ಗುರಿ ಬಂತು. ಅತ್ತಿಗೆ ಆ ಒಂದು ಗಂಟೆಯಲ್ಲಿ ಮಾಡಿದ್ದನ್ನು ಇಡೀ ದಿನಕ್ಕೆ ಗುಣಿಸಿದ್ದರು. ಅಷ್ಟು ಕೋಟು ಮಾಡಿದವರಿಗೆ ಪೂರ್ತಿ ಕೂಲಿ, ಮಾಡದವರಿಗೆ ಅರ್ಧ ದಿನದ್ದು. ಯಾರಿಂದಲೂ ಆಗಲಿಲ್ಲ. ಅತ್ತಿಗೆಗೂ ಆಗುತ್ತಿರಲಿಲ್ಲ. ಆದರೆ ಸಂಜೆ ಹೊತ್ತಿಗೆ ಮೇಸ್ತ್ರಿ ಬೇರೆಯವರ ರಾಶಿಯಿಂದ ಕೋಟುಗಳನ್ನೆತ್ತಿ ಅತ್ತಿಗೆಯ ರಾಶಿಗೆ ಸೇರಿಸಿ, "ನೋಡಿ, ಇವರ ಕೈಲಿ ಆಗತ್ತಲ್ಲ?" ಎನ್ನುತ್ತಿದ್ದ. ಅತ್ತಿಗೆ ಕಂಡೂ ಕಾಣದವರಂತೆ ಇದ್ದರು. ಮಧ್ಯಾಹ್ನದ ಊಟಕ್ಕೆ ಅವರ ಪಕ್ಕ ಕೂರುವುದನ್ನು ಎಲ್ಲರೂ ಬಿಟ್ಟರು.

ಸಂಬಳದ ದಿನ ನನಗೆ ಹಳೆಯದಕ್ಕಿಂತಲೂ ಕಡಿಮೆ ಬಂತು. ಮನೆಗೆ ಬಂದವಳೇ ಸಿಡಿದುಬಿದ್ದೆ.

"ನಿಮ್ ಜಂಬ ಉಳೀಬೇಕು ಅಂತ ನಮ್ ಹೊಟ್ಟೆ ಮೇಲೆ ಹೊಡೀತಿದ್ದೀರಲ್ಲ ಅತ್ತಿಗೆ!"

ಮಾರನೇ ದಿನ ಅತ್ತಿಗೆ ಕೆಲಸಕ್ಕೆ ರಜೆ ಹಾಕಿ, ಒಬ್ಬರೇ ಕಾರ್ಮಿಕ ಇಲಾಖೆಗೆ ಹೋಗಿ ದೂರು ಕೊಟ್ಟು ಬಂದರು. ಅಲ್ಲಿಂದ ಯಾರೂ ಬರಲಿಲ್ಲ. ಮತ್ತೆ ಹೋದರು. ಕಚೇರಿಯ ಜವಾನ ಗದರಿದರೂ ಬೆಂಚು ಬಿಟ್ಟು ಏಳಲಿಲ್ಲವಂತೆ. ಕೊನೆಗೆ ಒಬ್ಬ ಅಧಿಕಾರಿ ಲಾಂಡ್ರಿಗೆ ಬಂದೇ ಬಂದರು.

ಮಾಲೀಕರು ನಗುನಗುತ್ತಾ ಅವರನ್ನು ಅತ್ತಿಗೆಯ ಮೇಜಿಗೇ ಕರೆತಂದರು. "ದೂರು ಕೊಟ್ಟವರನ್ನೇ ನೋಡಿ ಸಾರ್. ಒಂದ್ ಗಂಟೆ ಸಾಕು, ನಿಮಗೇ ಗೊತ್ತಾಗತ್ತೆ."

"ಒಂದ್ ಗಂಟೆ ನೋಡಿ ಹೋಗ್ಬೇಡಿ ಸಾರ್," ಎಂದರು ಅತ್ತಿಗೆ. "ಸಂಜೆವರೆಗೂ ಕೂತ್ಕೊಳ್ಳಿ. ಈ ಮೇಸ್ತ್ರಿ ನನ್ ಮೇಜಿನ ಹತ್ರ ಸುಳೀಬಾರ್ದು."

ಅಧಿಕಾರಿ ಕುರ್ಚಿ ಎಳೆದುಕೊಂಡು ಕೂತರು. ಅತ್ತಿಗೆ ಕಳ್ಳಾಟ ಆಡಲಿಲ್ಲ. ಬೆಳಿಗ್ಗೆ ಎಂದಿನ ಹಾಗೆ ಜೋರಾಗಿಯೇ ಮಾಡಿದರು. ಮಾಲೀಕರ ಮುಖ ಅರಳಿತು. ಊಟದ ಹೊತ್ತಿಗೆ ವೇಗ ಇಳಿಯಿತು. ಆಮೇಲೆ ಹಬೆಯಲ್ಲಿ ಬೆವರು ಕಣ್ಣಿಗಿಳಿದು, ಕೋಟಿನ ಒಂದೇ ತೋಳನ್ನು ಎರಡೆರಡು ಸಲ ತೀಡಿದರು. ಇಸ್ತ್ರಿ ಪೆಟ್ಟಿಗೆ ಎತ್ತಲು ಎರಡೂ ಕೈ ಬೇಕಾದವು. ಎಷ್ಟೋ ಸಲ ಅವರ ಜಂಬ ಮುರಿಯಲಿ ಎಂದು ಬೈದುಕೊಂಡವಳು ನಾನು. ಅವತ್ತು ಆ ಕೈ ನೋಡಲಾರದೆ ನನಗೆ ಅಳು ಬಂತು.

ಸಂಜೆಯಾಗಿ, ಗುರಿ ಇನ್ನೂ ಎಷ್ಟೋ ದೂರವಿದ್ದಾಗ ಅವರು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟರು. ಇಡೀ ಕೋಣೆಗೆ ಕೇಳುವಂತೆ ಹೇಳಿದರು:

"ಬರ್ಕೊಳ್ಳಿ ಸಾರ್. ನನ್ ಕೈಲೂ ಆಗಲ್ಲ. ಅವತ್ತು ಹೊಗಳಿದ್ರು ಅಂತ ಕುಣಿದೆ. ದಿನಾ ಹಂಗೆ ಕುಣಿಯಕ್ಕೆ ಯಾರಿಂದ್ಲೂ ಆಗಲ್ಲ."

ಅಧಿಕಾರಿ ಎದ್ದು ಹೋಗಿ ಕರಿಹಲಗೆಯ ಮೇಲಿನದನ್ನು ತಾವೇ ಅಳಿಸಿದರು. ಎಲ್ಲರಿಗೂ ಹಿಂದಿನದೂ ಸೇರಿಸಿ ಪೂರ್ತಿ ಕೂಲಿ ಕೊಡಬೇಕೆಂದು ಅಲ್ಲೇ ಬರೆದು ಮಾಲೀಕರ ಸಹಿ ಹಾಕಿಸಿಕೊಂಡರು. ಅತ್ತಿಗೆ ಅತ್ತ ನೋಡಲೂ ಇಲ್ಲ. ಸ್ಟೂಲಿನ ಮೇಲೆ ಕೂತು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅವರ ಮೇಜಿನ ಮೇಲೆ ಅರ್ಧಕ್ಕೇ ನಿಂತಿದ್ದ ಕೋಟನ್ನು ನಾನು ನನ್ನ ಕಡೆಗೆ ಎಳೆದುಕೊಂಡು ಮುಗಿಸಿದೆ.