ನೀರಿಗೆ ಹೆದರುವ ಪಂಪ್ ಡಾಕ್ಟರು

ನನ್ನ ಗಂಡನನ್ನು ಊರೆಲ್ಲ ಪಂಪ್ ಡಾಕ್ಟರ್ ಎಂದು ಕರೆಯುತ್ತದೆ. ಡೀಸೆಲ್ ಎಂಜಿನ್ನಿಗೆ ಹೊತ್ತುಹೊತ್ತಿಗೆ ಅಳತೆಯಾಗಿ ಡೀಸೆಲ್ ಉಣಿಸುವ ಪಂಪನ್ನು ಬಿಚ್ಚಿ ಸರಿಮಾಡುವುದು ಅವರ ಕಸುಬು. ಅದರಲ್ಲೂ ಎಲ್ಲರೂ ಕೈಬಿಟ್ಟ ಮುದಿ ಎಂಜಿನ್ನು ಎಂದರೆ ಅವರಿಗೆ ಎಲ್ಲಿಲ್ಲದ ಪ್ರೀತಿ. ಇಂಥ ಗಟ್ಟಿ ಆಸಾಮಿಗೆ ನೀರು ಕಂಡರೆ ಆಗದು. ಬಸ್ಸು ಸೇತುವೆ ಹತ್ತಿತೆಂದರೆ ಕಣ್ಣು ಮುಚ್ಚಿ ನಿದ್ದೆಯ ನಾಟಕ ಆಡುತ್ತಾರೆ. ಮದುವೆಯಾದ ಹೊಸದರಲ್ಲಿ ನಾನು ಅದನ್ನು ನಿಜವಾದ ನಿದ್ದೆ ಎಂದೇ ನಂಬಿದ್ದೆ.

ಅವರದು ಇನ್ನೊಂದು ಹಟ. ತಾವು ಪಂಪ್ ಕೂರಿಸಿದ ಗಾಡಿ ಮೊದಲ ಸಲ ಪೂರ್ತಿ ಭಾರ ಹೊತ್ತು ಹೊರಡುವಾಗ ತಾವೂ ಅದರಲ್ಲಿ ಇರಬೇಕು. ಲಾರಿಯಾದರೆ ಡ್ರೈವರ್ ಪಕ್ಕ, ಟ್ರಾಕ್ಟರ್ ಆದರೆ ಮಡ್‌ಗಾರ್ಡ್ ಮೇಲೆ. ಹೀಗಾಗಿ ದೋಣಿಯ ಎಂಜಿನ್ನನ್ನು ಅವರು ಯಾವತ್ತೂ ಮುಟ್ಟಿದವರಲ್ಲ. ಕೇಳಿಕೊಂಡು ಬಂದವರಿಗೆಲ್ಲ "ದೋಣಿ ಕೆಲಸ ನಂಗೆ ಒಗ್ಗಲ್ಲ" ಎಂದು ಸಾಗಹಾಕುತ್ತಿದ್ದರು. ಯಾಕೆ ಒಗ್ಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ನನ್ನ ತಮ್ಮನಿಗೂ ಗೊತ್ತಿತ್ತು.

ತಮ್ಮ ದೋಣಿ ನಡೆಸುವವನು. ಹೊಳೆಯ ಆಚೆ ದಡಕ್ಕೆ ಜನರನ್ನು ದಾಟಿಸುವ ಎಂಜಿನ್ ದೋಣಿ, ನಮ್ಮಪ್ಪನ ಕಾಲದ್ದು. ಮೇಲುಗಡೆ ಹೊಸ ಒಡ್ಡು ಕಟ್ಟಿ ನೀರು ಬಿಡಲು ಶುರುಮಾಡಿದ ಮೇಲೆ ಆಚೆ ದಡದ ಸೆಳೆತ ಜೋರಾಯಿತು. ದೋಣಿ ಮೆಟ್ಟಿಲು ಮುಟ್ಟುವ ಬದಲು ಕೆಳಕ್ಕೆ ಕೊಚ್ಚಿಹೋಗಿ ಕೆಸರಿನಲ್ಲಿ ನಿಲ್ಲುತ್ತಿತ್ತು. ದೋಣಿ ಕಡವಿನ ಇನ್ಸ್‌ಪೆಕ್ಟರು ಬಂದು ನೋಡಿ, ಪೂರ್ತಿ ಭಾರ ಹೇರಿ ಒಂದೇ ಸಲಕ್ಕೆ ಮೆಟ್ಟಿಲು ಮುಟ್ಟಿಸಿ ತೋರಿಸು, ಇಲ್ಲವಾದರೆ ಈ ದೋಣಿಗೆ ಜನರನ್ನು ಹತ್ತಿಸುವ ಹಾಗಿಲ್ಲ ಎಂದುಬಿಟ್ಟರು. ಅವರದೇನೂ ತಪ್ಪಲ್ಲ ಬಿಡಿ, ಮಕ್ಕಳು ಮರಿ ಹತ್ತುವ ದೋಣಿ. ಆದರೆ ನನ್ನ ತಮ್ಮನಿಗೆ ದೋಣಿ ಬಿಟ್ಟರೆ ಬೇರೆ ಏನೂ ಬಾರದು.

ಆಗಷ್ಟೇ ಒರೆಸಿದ ನನ್ನ ನೆಲದ ಮೇಲೆ ಅವನು ಒಂದು ಭಾರಿ ಪಂಪನ್ನು ತಂದು ಧೊಪ್ಪನೆ ಇಟ್ಟ.

"ಭಾವ, ಇದನ್ನ ಹಾಕಿಕೊಡಿ. ದೊಡ್ಡ ಲಾರೀದು, ಗುಜರೀಲಿ ಸಿಕ್ತು. ಎಂಜಿನ್ ಹುಲಿ ಆಗುತ್ತೆ!"

"ದೋಣಿ ಕೆಲಸ..." ಎಂದು ಇವರು ಶುರುಮಾಡಿದರು. ನನ್ನ ಮುಖ ನೋಡಿ ಉಳಿದ ಮಾತು ನುಂಗಿಕೊಂಡರು.

ಹೊಳೆಯ ಹತ್ತಿರ ಹೋಗಬೇಕಾಗುತ್ತದೆಂದು ಎಂಜಿನ್ನನ್ನೇ ಕಳಚಿಸಿ ನಮ್ಮ ಮನೆಗೆ ಅಂಟಿಕೊಂಡ ಶೆಡ್ಡಿಗೆ ತರಿಸಿದರು. ಗುಜರಿ ಪಂಪನ್ನು ಕೂರಿಸಿ, ಬೆಲ್ಟಿನಿಂದ ಹಳೆಯ ಜನರೇಟರ್ ಜೋಡಿಸಿ ಎಂಜಿನ್ನಿಗೆ ಭಾರ ಕೊಟ್ಟರು. ಶೆಡ್ಡಿನ ತಗಡು ಗಡಗಡ ನಡುಗಿತು. ತಮ್ಮ ಖುಷಿಯಲ್ಲಿ ಕುಣಿದಾಡಿದ. ಇವರು ಸೀದಾ ಒಳಗೆ ಹೋಗಿ ನನ್ನ ಬಿಳಿಯ ದಿಂಬಿನ ಕವರ್ ಎತ್ತಿಕೊಂಡು ಬಂದು ಹೊಗೆ ಕೊಳವೆಗೆ ಹಿಡಿದರು. ತೆಗೆದಾಗ ಅದು ಕಾವಲಿಯ ತಳದ ಹಾಗಿತ್ತು.

"ನೋಡು, ಇದು ಶಕ್ತಿ ಅಲ್ಲ. ಉರೀದೆ ಹೊರಗೆ ಬಿದ್ದ ಡೀಸೆಲ್."

"ಜಾಸ್ತಿ ಡೀಸೆಲ್ ಹೋದ್ರೆ ಜಾಸ್ತಿ ಎಳೆಯಲ್ವಾ ಭಾವ?"

"ಡೀಸೆಲ್ ಎಷ್ಟು ಬೇಕಾದ್ರೂ ಸುರೀಬಹುದು ಕಣೋ. ಅದು ಉರಿಯೋಕೆ ಗಾಳಿ ಬೇಡ್ವಾ? ಅದನ್ನ ಎಲ್ಲಿಂದ ತರ್ತೀಯ? ಮುದಿ ಎಂಜಿನ್, ಅದು ಎಳ್ಕೊಳ್ಳೋ ಉಸಿರೇ ಅಷ್ಟು. ಮಿಕ್ಕಿದ್ದೆಲ್ಲ ಬಿಸಿಯಾಗಿ ಪಿಸ್ಟನ್ನನ್ನೇ ತಿಂದುಹಾಕುತ್ತೆ."

"ನನ್ನ ದಿಂಬು?" ಎಂದು ನಾನು ಕೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಮರದ ಕಪಾಟಿನ ಮೂಲೆಯಿಂದ ಇವರು ಬೇರೊಂದು ಪಂಪ್ ತೆಗೆದರು. ರೋಡ್ ರೋಲರಿನದಂತೆ. ಡೀಸೆಲ್ ನೂಕುವ ಅದರ ದಂಡಗಳು ಹಳೆಯ ಪಂಪಿನವಕ್ಕಿಂತ ಒಂದು ಕೂದಲಷ್ಟು ದಪ್ಪ. ಅದನ್ನು ಬೆಂಚಿಗೆ ಬಿಗಿದು ತಿರುಗಿಸಿದರೆ, ಸಾಲಾಗಿ ನಿಲ್ಲಿಸಿದ ಗಾಜಿನ ನಳಿಗೆಗಳಿಗೆ ಡೀಸೆಲ್ ಬೀಳುತ್ತದೆ. ಎಲ್ಲದರಲ್ಲೂ ಮಟ್ಟ ಒಂದೇ ಆಗುವವರೆಗೆ ಬಿಚ್ಚುವುದು, ಒರೆಸುವುದು, ಮತ್ತೆ ತಿರುಗಿಸುವುದು. ಊಟಕ್ಕೆ ಕರೆದು ಕರೆದು ನನ್ನ ಗಂಟಲು ಒಣಗಿತು. ಪಂಕ್ತಿಯಲ್ಲಿ ಕೂತವರಿಗೆ ಭೇದ ಮಾಡದೆ ಬಡಿಸುವ ಹಾಗೆ ಅವರು ಆ ನಳಿಗೆಗಳನ್ನು ನೋಡಿಕೊಳ್ಳುವಾಗ ನನಗೆ ಸಿಟ್ಟೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಆಮೇಲೆ ಇನ್ನೊಂದು ದಿಂಬಿನ ಕವರ್ ಹೋಯಿತು. ಈ ಸಲ ಅದು ತೆಳು ಬೂದಿಬಣ್ಣಕ್ಕೆ ತಿರುಗಿತು, ಅಷ್ಟೇ.

ತಮ್ಮ ಮುಖ ಊದಿಸಿಕೊಂಡ. "ಏನ್ ಭಾವ ಇದು? ಅಜ್ಜನ್ನ ಎಬ್ಬಿಸಿ ಅಜ್ಜನ ತಮ್ಮನ್ನ ಕೂರಿಸಿದ್ದೀರಿ!"

"ನಿನ್ನ ಹಳೇ ಪಂಪು ಇದ್ದಿದ್ದನ್ನೆಲ್ಲ ಮೊದಲೇ ಕೊಟ್ಟು ಕೈ ಖಾಲಿ ಮಾಡ್ಕೊಂಡಿರ್ತಿತ್ತು. ಭಾರ ಬಿದ್ದು ಎಂಜಿನ್ ಸೋತಾಗ ಕೊಡೋಕೆ ಇದರ ಹತ್ರ ಇನ್ನೊಂದು ತುತ್ತು ಇರುತ್ತೆ. ಅದೂ ಎಂಜಿನ್ನಿಗೆ ಅರಗೋವಷ್ಟೇ. ಇದರೊಳಗೆ ಗವರ್ನರ್ ಅಂತ ಒಂದು ಭಾಗ ಇದೆ, ಅದೇ ಹೊತ್ತು ನೋಡಿ ಕೊಡುತ್ತೆ."

ಅವನ ತಲೆ ಕೆಟ್ಟಿತ್ತು, ಬಾಯಿಗೆ ಬಂದದ್ದು ಅಂದುಬಿಟ್ಟ. "ಮುಳುಗೋದು ನನ್ನ ಬದುಕು. ನೀರು ಕಂಡ್ರೆ ನಡುಗೋರಿಗೆ ಸೆಳೆತ ಅಂದ್ರೆ ಏನು ಗೊತ್ತಾಗುತ್ತೆ?"

ನನಗೆ ಮೈಯೆಲ್ಲ ಉರಿಯಿತು. ತಮ್ಮನಾದರೇನು, ಸರಿಯಾಗಿ ಜಾಡಿಸೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಾ, "ನಾನೂ ಕೂರ್ತೀನಲ್ಲ" ಎಂದರು.

ಎಂಜಿನ್ ಮತ್ತೆ ದೋಣಿ ಸೇರಿತು. ಪರೀಕ್ಷೆಯ ದಿನ ಜನರ ಬದಲು ಮರಳಿನ ಮೂಟೆ ಹೇರಿದರು. ಇನ್ಸ್‌ಪೆಕ್ಟರು ಆಚೆ ದಡದ ಮೆಟ್ಟಿಲ ಮೇಲೆ ನಿಂತಿದ್ದರು. ಇವರ ಮುಖದಲ್ಲಿ ರಕ್ತವೇ ಇರಲಿಲ್ಲ. "ರೀ, ಬೇಡ ಅಂದ್ರೆ ಬಿಡಿ" ಎಂದೆ. "ನಾನು ಕೂರದ ದೋಣೀಲಿ ಬೇರೆಯವರ ಮಕ್ಕಳನ್ನ ಕೂರಿಸು ಅನ್ನಲಾ?" ಎಂದರು. ನಾನೂ ಹತ್ತಿದೆ. ಇವರು ಎಂಜಿನ್ ಪಕ್ಕದ ಹಲಗೆಯ ಮೇಲೆ ಕೂತು ಒಂದು ಕೈಯನ್ನು ಪಂಪಿನ ಮೇಲಿಟ್ಟರು. ಇನ್ನೊಂದು ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಕಣ್ಣು ಮುಚ್ಚಿದರು.

ನಡುಹೊಳೆ ದಾಟುವವರೆಗೆ ಎಲ್ಲ ಸುಸೂತ್ರ. ಸೆಳೆತಕ್ಕೆ ಸಿಕ್ಕಿದ್ದೇ ದೋಣಿಯ ಮೂತಿ ಕೆಳಕ್ಕೆ ತಿರುಗಿತು. ಎಂಜಿನ್ ಸದ್ದು ಕುಗ್ಗಿತು, ಇನ್ನೂ ಕುಗ್ಗಿತು. "ಹೋಯ್ತು ಭಾವ!" ಎಂದು ತಮ್ಮ ಚುಕ್ಕಾಣಿಗೆ ಜೋತುಬಿದ್ದ.

"ತಾಳು" ಎಂದರು ಇವರು, ಕಣ್ಣು ಬಿಡದೆ. "ಈಗ ಕೊಡುತ್ತೆ."

ಕೊಟ್ಟಿತು. ಸದ್ದು ಒಂದು ಗಳಿಗೆ ಅಲ್ಲೇ ನಿಂತು, ಮೆಲ್ಲಗೆ ದಪ್ಪವಾಗಿ ಮೇಲೆದ್ದಿತು. ಮೂತಿ ಮತ್ತೆ ಮೆಟ್ಟಿಲ ಕಡೆಗೆ ಬಂತು. ದೋಣಿ ಓಡಲಿಲ್ಲ. ಹಟ ಹಿಡಿದ ಮುದುಕಿಯ ಹಾಗೆ ಸೆಳೆತದ ಎದುರು ಅಡಿ ಅಡಿಯಾಗಿ ನಡೆದು, ಹೋಗಿ ಮೆಟ್ಟಿಲಿಗೆ ತಾಗಿತು. ಇನ್ಸ್‌ಪೆಕ್ಟರು ಕೈಯೆತ್ತಿ, "ಜನ ಹತ್ತಲಿ!" ಎಂದು ಕೂಗಿದರು. ತಮ್ಮ ಹಗ್ಗ ಕಟ್ಟುವುದನ್ನೂ ಮರೆತು ಅಳುತ್ತಿದ್ದ.

ಮೂಟೆ ಇಳಿಸಿದ ಮೇಲೆ ಅವನು ಇವರ ಮುಖ ನೋಡಲಾರದೆ, "ಭಾವ, ವಾಪಸ್ ನೀವು ಬಸ್ಸಲ್ಲಿ ಬನ್ನಿ. ಸುತ್ತಾದ್ರೂ ಸೇತುವೆ ಇದೆ" ಎಂದ.

"ಖಾಲಿ ದೋಣೀಲಿ ಗವರ್ನರ್ ಹೇಗಿರುತ್ತೆ ಅಂತ ನೋಡಬೇಡ್ವಾ?" ಎಂದು ಇವರು ಮತ್ತೆ ಅದೇ ಹಲಗೆಯ ಮೇಲೆ ಕೂತರು.

ನಡುಹೊಳೆಯಲ್ಲಿ ತಮ್ಮ ತಾನಾಗಿಯೇ ಎಂಜಿನ್ ನಿಧಾನ ಮಾಡಿ ಕೇಳಿದ, "ಭಯ ಆಗ್ತಿದ್ಯಾ ಭಾವ?"

"ತುಂಬಾ ಆಗ್ತಿದೆ ಕಣೋ. ಅದಕ್ಕೇ ನಿಧಾನ ಮಾಡಬೇಡ. ಅದರ ಸದ್ದು ಕೇಳ್ತಿದ್ರೆ ಧೈರ್ಯ."

ಅವನು ಎಂಜಿನ್ ವೇಗವನ್ನು ಪೂರ್ತಿ ಏರಿಸಿದ. ಇವರ ಬೆರಳುಗಳು ನನ್ನ ಮಣಿಕಟ್ಟಿಗೆ ಇನ್ನಷ್ಟು ಬಿಗಿದವು. ನೋಯುತ್ತಿತ್ತು, ಆದರೆ ದಡ ಸೇರುವವರೆಗೆ ನಾನು ಕೈ ಅಲ್ಲಾಡಿಸಲಿಲ್ಲ.